ಅಲ್ಪಾಕಾ ಸ್ವೆಟರನ್ನು ಹಗ್ಗಕ್ಕೆ ಹಾಕಬೇಡಿ

ನನ್ನ ಚಿಕ್ಕಮ್ಮನ ಅಲ್ಪಾಕಾ ಸ್ವೆಟರಿನ ತೋಳು ಈಗ ಅವರ ಮೊಣಕಾಲು ಮುಟ್ಟುತ್ತದೆ. ಅವರು ಒಗೆದದ್ದು ಸರಿಯಾಗಿಯೇ ಇತ್ತು. ಒದ್ದೆ ಇದ್ದಾಗಲೇ ಮಹಡಿಯ ಹಗ್ಗಕ್ಕೆ ಹಾಕಿ ಎರಡು ಕ್ಲಿಪ್ ಸಿಕ್ಕಿಸಿದರು, ಅಷ್ಟೇ. ಅಣ್ಣನ ಸ್ವೆಟರಿನದು ಇದಕ್ಕೆ ಉಲ್ಟಾ. ಜೀನ್ಸ್ ಜೊತೆ ಮೆಷಿನ್‌ಗೆ ಹಾಕಿದ. ಹೊರಗೆ ಬಂದಾಗ ಅದು ಅವನ ಐದು ವರ್ಷದ ಮಗಳಿಗೆ ಸರಿಹೋಗುವಷ್ಟಾಗಿತ್ತು. ಎರಡನ್ನೂ ಪೆರು ದೇಶದ ಕುಸ್ಕೊದಿಂದ ನಾನೇ ತಂದುಕೊಟ್ಟಿದ್ದೆ. ವಿದೇಶದಲ್ಲಿರುವ ಮಕ್ಕಳು, ಪ್ರವಾಸ ಹೋದವರು ಇಂಥ ಸ್ವೆಟರ್ ತಂದುಕೊಟ್ಟ ಮನೆಗಳಲ್ಲಿ ಇದೇ ಕತೆ ಮತ್ತೆ ಆಗಬಾರದು.

ಅಲ್ಪಾಕಾ ಒಂಟೆಯ ಬಳಗದ ಪ್ರಾಣಿ. ಪೆರು, ಬೊಲಿವಿಯಾಗಳ ಆಂಡಿಸ್ ಬೆಟ್ಟಗಳಲ್ಲಿ, ಹೆಚ್ಚಾಗಿ 3,500 ಮೀಟರಿಗಿಂತ ಮೇಲಿನ ಹುಲ್ಲುಗಾವಲಿನಲ್ಲಿ ಅದರ ಬದುಕು. ಕುರಿ ಉಣ್ಣೆಯ ಎಳೆ ಸ್ಪ್ರಿಂಗಿನ ಹಾಗೆ ಸುರುಳಿಯಾಗಿರುತ್ತದೆ, ಎಳೆದು ಬಿಟ್ಟರೆ ವಾಪಸ್ ಬರುತ್ತದೆ. ಅಲ್ಪಾಕಾ ಎಳೆ ನುಣುಪು, ಸುರುಳಿ ಕಡಿಮೆ. ಒದ್ದೆಯಾಗಿ ಭಾರವಾದಾಗ ಜೋತುಬಿದ್ದರೆ ಜೋತಷ್ಟೇ ಉಳಿಯುತ್ತದೆ. ಬಿಸಿನೀರು, ತಿಕ್ಕಾಟ ಎರಡೂ ಸೇರಿದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಕಂಬಳಿಯಂತೆ ದಪ್ಪಗಾಗುತ್ತವೆ. ಆಮೇಲೆ ಏನು ಮಾಡಿದರೂ ಬಿಡಿಸಲು ಆಗದು.

ಮೊದಲು ಅದು ನಿಜವಾಗಿ ಅಲ್ಪಾಕಾನಾ ನೋಡಿ. ಪ್ರವಾಸಿಗರ ಮಾರುಕಟ್ಟೆಯಲ್ಲಿ ಅಕ್ರಿಲಿಕ್ ಸ್ವೆಟರ್‌ಗಳನ್ನು 'ಬೇಬಿ ಅಲ್ಪಾಕಾ' ಅಂತ ಮಾರುತ್ತಾರೆ. ಒಳಹೊಲಿಗೆಯಿಂದ ಒಂದು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು ಸುಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಕರಿಮಣಿಯಂತಾದರೆ ಪ್ಲಾಸ್ಟಿಕ್ ನೂಲು, ಅದನ್ನು ಹೇಗೆ ಬೇಕಾದರೂ ಒಗೆಯಿರಿ. ಅಂದಹಾಗೆ ಬೇಬಿ ಅಲ್ಪಾಕಾ ಅಂದರೆ ಮರಿಯ ಉಣ್ಣೆ ಅಂತಲೇ ಅರ್ಥವಲ್ಲ. ಸುಮಾರು 22 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪದ ಆಸುಪಾಸಿನ ನವಿರು ಎಳೆಗೆ ಆ ಹೆಸರು, ದೊಡ್ಡ ಪ್ರಾಣಿಯದ್ದೂ ಇರಬಹುದು.

ನಿಮ್ಮಲ್ಲಿ ವಿಕುನ್ಯಾ ಶಾಲು ಇದ್ದರೆ ಮಾತ್ರ ಮನೆಯಲ್ಲಿ ಮುಟ್ಟಬೇಡಿ. ವಿಕುನ್ಯಾ ಅಲ್ಪಾಕಾದ ಕಾಡುಮೂಲ. ಊರವರೆಲ್ಲ ಕೈಕೈ ಹಿಡಿದು ಸುತ್ತುಗಟ್ಟಿ ಹಿಂಡನ್ನು ಕೂಡಿಹಾಕುತ್ತಾರೆ, ಉಣ್ಣೆ ಕತ್ತರಿಸಿಕೊಂಡು ಮತ್ತೆ ಬೆಟ್ಟಕ್ಕೆ ಬಿಡುತ್ತಾರೆ. ಇದಕ್ಕೆ ಅಲ್ಲಿಯ ಮಾತಿನಲ್ಲಿ 'ಚಾಕು' ಅನ್ನುತ್ತಾರೆ, ನಮ್ಮ ಹೆಚ್ಚುವ ಚಾಕು ಅಲ್ಲ. ಒಂದು ಪ್ರಾಣಿಯಿಂದ ಸಿಗುವ ಉಣ್ಣೆ ಬರೀ 200 ಗ್ರಾಂ ಚಿಲ್ಲರೆ. ಅಂಥದ್ದನ್ನು ಉಣ್ಣೆ ಬಲ್ಲ ಡ್ರೈಕ್ಲೀನರ್ ಕೈಗೇ ಕೊಡಿ.

ಈಗ ಒಗೆಯುವ ಕೆಲಸ. ಒಂದು ಹಳೆಯ, ಬಣ್ಣ ಬಿಡದ ಬೆಡ್‌ಶೀಟ್ ಹಾಸಿ ಒಣ ಸ್ವೆಟರನ್ನು ಅದರ ಮೇಲೆ ಹರಡಿ. ಸ್ವೆಟರಿನ ಅಂಚಿನ ಸುತ್ತ, ಬೆಡ್‌ಶೀಟಿಗೆ ಮಾತ್ರ, ಬಿಳಿ ನೂಲಲ್ಲಿ ಉದ್ದುದ್ದ ಹೊಲಿಗೆ ಹಾಕಿ. ಒಣಗಿಸುವಾಗ ಅಳತೆಗೆ ಈ ಗುರುತು ಬೇಕು. ನಮ್ಮಮ್ಮನ ನೀಲಿ ಬೆಡ್‌ಶೀಟ್ ಮೇಲೆ ಸ್ವೆಟರಿನ ಆಕಾರ ಹೀಗೆ ಶಾಶ್ವತವಾಗಿ ಕೂತಿದೆ. ಎರಡು ನಿಮಿಷದ ಕೆಲಸ, ಬಿಡಬೇಡಿ.

ಸೋಪಿನ ವಿಷಯ. ಬಟ್ಟೆ ಒಗೆಯುವ ಪುಡಿ ಬೇಡವೇ ಬೇಡ. ಕಲೆ ತೆಗೆಯಲು ಎಂಜೈಮ್ ಇದೆ ಅಂತ ಬರೆದ ಪುಡಿಗಳು ಇನ್ನೂ ಅಪಾಯ. ಉಣ್ಣೆ ಕೂದಲಿನಂತೆ ಪ್ರೋಟೀನು, ಆ ಎಂಜೈಮ್ ಅದನ್ನೇ ಸವೆಸುತ್ತದೆ. ಬ್ಲೀಚ್ ಅಂತೂ ಉಣ್ಣೆಯನ್ನು ಕರಗಿಸಿಯೇಬಿಡುತ್ತದೆ. ಕುಸ್ಕೊ ಹತ್ತಿರದ ಚಿಂಚೆರೊ ಊರಿನಲ್ಲಿ ನೇಯ್ಗೆಯ ಹೆಂಗಸರು ಸಕ್ತ ಎಂಬ ಬಿಳಿ ಬೇರನ್ನು ತುರಿದು ನೀರಿಗೆ ಹಾಕುವುದನ್ನು ನಿಂತು ನೋಡಿದ್ದೇನೆ. ಕೈಯಾಡಿಸಿದರೆ ನೊರೆ ಉಕ್ಕುತ್ತದೆ. ಕೊಳಕು ಉಣ್ಣೆ ಕಣ್ಣೆದುರೇ ಬೆಳ್ಳಗಾಗುತ್ತದೆ. ನನಗೆ ತಕ್ಷಣ ನೆನಪಾದದ್ದು ಅಜ್ಜಿ ರೇಷ್ಮೆ ಸೀರೆಗೆ ಹಾಕುತ್ತಿದ್ದ ಅಂಟುವಾಳ. ಎರಡೂ ನೊರೆ ಬರುವುದು ಒಂದೇ ಬಗೆಯ ವಸ್ತುವಿನಿಂದ. ಎಂಟು ಹತ್ತು ಅಂಟುವಾಳ ಕಾಯಿಯ ಬೀಜ ತೆಗೆದು ರಾತ್ರಿ ನೆನೆಹಾಕಿ. ಬೆಳಿಗ್ಗೆ ಕಿವುಚಿ ಬಟ್ಟೆಯಲ್ಲಿ ಸೋಸಿ. ಸ್ವೆಟರ್ ಬಿಳಿಯದ್ದಾದರೆ ಅಂಟುವಾಳದ ಕಂದು ನೀರು ಹಿಡಿಯಬಹುದು, ಆಗ ಮಕ್ಕಳ ಶಾಂಪೂ ಒಂದು ಚಮಚ ಸಾಕು.

ಟಬ್‌ನಲ್ಲಿ ತಣ್ಣೀರು ಅಥವಾ ಸ್ವಲ್ಪ ಉಗುರುಬೆಚ್ಚಗಿನ ನೀರು. ಸ್ವೆಟರ್ ಒಳಮಗ್ಗುಲು ಹೊರಗೆ ಮಾಡಿ ಮುಳುಗಿಸಿ, ಹತ್ತು ನಿಮಿಷ ಬಿಡಿ. ಅಂಗೈಯಲ್ಲಿ ಮೆಲ್ಲಗೆ ಅದುಮಿ. ತಿಕ್ಕಬೇಡಿ, ಕುಕ್ಕಬೇಡಿ, ಬ್ರಷ್ ಮುಟ್ಟಿಸಬೇಡಿ. ಜಾಲಾಡುವ ನೀರೂ ಅಷ್ಟೇ ಬಿಸಿಯಿರಲಿ. ಬೆಚ್ಚಗಿನದರಿಂದ ತಣ್ಣೀರಿಗೆ ಹಾಕಿದರೆ ಮುದುಡಿಕೊಳ್ಳಬಹುದು.

ಎಲ್ಲರೂ ಕೆಡಿಸುವುದು ಇಲ್ಲಿಂದ ಮುಂದೆ. ನೀರಿನಿಂದ ಎತ್ತುವಾಗ ಭುಜ ಹಿಡಿದು ಎತ್ತಬೇಡಿ. ನೀರು ಕುಡಿದ ಸ್ವೆಟರ್ ತನ್ನ ಭಾರಕ್ಕೇ ಇಳಿಬೀಳುತ್ತದೆ. ಮೊದಲು ಟಬ್ಬಿನ ನೀರು ಚೆಲ್ಲಿ. ಸ್ವೆಟರನ್ನು ತಳಕ್ಕೆ ಒತ್ತಿ ನೀರು ಬಸಿಯಿರಿ. ಆಮೇಲೆ ಎರಡೂ ಕೈ ಅಡಿಗೆ ಹಾಕಿ, ಮಗುವನ್ನು ಎತ್ತುವಂತೆ ಪೂರ್ತಿ ಮುದ್ದೆಯನ್ನೇ ಎತ್ತಿ. ಹಿಂಡಬೇಡಿ. ದಪ್ಪ ಟವೆಲ್ ಮೇಲೆ ಹರಡಿ, ಚಾಪೆ ಸುತ್ತುವ ಹಾಗೆ ಟವೆಲ್ ಸಮೇತ ಸುತ್ತಿ, ಮೇಲಿಂದ ಒತ್ತಿ. ಬೇಕಾದರೆ ಬರಿಗಾಲಲ್ಲಿ ಅದರ ಮೇಲೆ ನಿಲ್ಲಿ. ಟವೆಲ್ ತೊಯ್ದು ತೊಪ್ಪೆಯಾಗುತ್ತದೆ, ಇನ್ನೊಂದರಲ್ಲಿ ಮತ್ತೆ ಸುತ್ತಿ. ಮೆಷಿನ್ನಿನ ಡ್ರೈಯರ್‌ನಲ್ಲಿ ಒಂದೇ ನಿಮಿಷ ತಿರುಗಿಸ್ತೀನಿ ಅನ್ನುವವರಿದ್ದಾರೆ. ನಾನಂತೂ ಬಿಡುವುದಿಲ್ಲ.

ಈಗ ಆ ಹೊಲಿಗೆ ಗುರುತಿನ ಬೆಡ್‌ಶೀಟ್ ಮಂಚದ ಮೇಲೆ ಹಾಸಿ, ಸ್ವೆಟರನ್ನು ಗುರುತಿನೊಳಗೆ ಇಡಿ. ಉದ್ದವಾಗಿದ್ದರೆ ಬೆರಳಲ್ಲಿ ಮೆಲ್ಲಗೆ ಒಳಕ್ಕೆ ತಳ್ಳಿ. ಕುಗ್ಗಿದ್ದರೆ ಅಂಚಿನಿಂದ ತಟ್ಟಿ ಹಿಗ್ಗಿಸಿ. ತೋಳಿನ ಪಟ್ಟಿ, ಕೊರಳು, ಕೆಳಗಿನ ಅಂಚು ಈ ಮೂರನ್ನು ಒತ್ತಾಗಿ ಕೂಡಿಸಿ. ಒಣಗಿದ ಮೇಲೆ ಅವು ಹೇಗಿರುತ್ತವೋ ಹಾಗೇ ಉಳಿಯುತ್ತವೆ. ಬಿಸಿಲು ಬೇಡ, ಫ್ಯಾನ್ ಸಾಕು. ಅರ್ಧ ದಿನಕ್ಕೆ ಮಗುಚಿ ಹಾಕಿ. ಮಳೆಗಾಲದಲ್ಲಿ ಒಗೆಯಲೇಬೇಡಿ, ಮೂರು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಶಿವರಾತ್ರಿ ಕಳೆದ ಮೇಲೆ ಒಗೆದಿಡುವುದು ಒಳ್ಳೆಯದು.

ಎತ್ತಿಡುವಾಗ ಮಡಿಸಿ ಹತ್ತಿ ಬಟ್ಟೆಯಲ್ಲಿ ಸುತ್ತಿ. ಹ್ಯಾಂಗರ್ ಬೇಡ. ನುಸಿಗೆ ಬೆವರು, ಎಣ್ಣೆಯ ಕಲೆ ಇರುವ ಉಣ್ಣೆಯೇ ಜಾಸ್ತಿ ಇಷ್ಟ. ಹಾಕಿಕೊಂಡದ್ದನ್ನು ಒಗೆಯದೆ ಒಳಗಿಡಬೇಡಿ. ನುಸಿಗುಳಿಗೆ ಹಾಕುವುದಾದರೆ ಬಟ್ಟೆಗೆ ತಾಗದಂತೆ ಚಿಕ್ಕ ಗಂಟಿನಲ್ಲಿ ಕಟ್ಟಿ. ಎರಡು ತಿಂಗಳಿಗೊಮ್ಮೆ ಹೊರತೆಗೆದು ಕೊಡವಿ, ಮಡಿಕೆಯ ಜಾಗ ಬದಲಿಸಿ ಮತ್ತೆ ಇಡಿ.