ಕಂಬ ಹಾಕಲು ಬಂದ ಮೇಲೆ: ಕ್ರೋಶಾದ ಕಷ್ಟದ ಹೆಣಿಗೆಗಳು

ಅನಾನಸ್ ಮಾದರಿ ಹೆಣೆಯಲು ಕೂತವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಐದಾರು ಸಾಲು ಚೆನ್ನಾಗಿಯೇ ಬಂದಿರುತ್ತದೆ. ಇನ್ನು ಹಣ್ಣು ತುದಿಯ ಕಡೆ ಕಿರಿದಾಗಬೇಕು, ಆಗುವುದಿಲ್ಲ. ಅಡಿಕೆ ಮರದ ಹಾಗೆ ನೆಟ್ಟಗೆ ಮೇಲೆ ಹೋಗುತ್ತಲೇ ಇರುತ್ತದೆ. ಕೈ ಬಿಗಿಯಾಯಿತೇನೋ, ದಾರ ಸರಿಯಿಲ್ಲವೇನೋ ಎಂದು ಬಿಚ್ಚಿ ಮತ್ತೆ ಹಾಕಿದರೂ ಅದೇ ಕತೆ. ಕೈಯದ್ದೇನೂ ತಪ್ಪಿರುವುದಿಲ್ಲ. ಪಕ್ಕದ ಒಂದು ಚೈನಿನ ಕಿಂಡಿಯನ್ನು ಹಣ್ಣಿನ ಲೆಕ್ಕಕ್ಕೆ ಸೇರಿಸಿಕೊಂಡಿರುತ್ತಾರೆ, ಅಷ್ಟೇ. ಚೈನ್, ಸಿಂಗಲ್, ಕಂಬ ಇಷ್ಟು ಬಂದವರಿಗೆ ಕೈ ಕಲಿಯುವುದು ಬಹುಪಾಲು ಮುಗಿದಿದೆ. ಮುಂದಿನದೆಲ್ಲ ಕಡ್ಡಿಯನ್ನು ಎಲ್ಲಿ ತೂರಿಸಬೇಕು, ಎಷ್ಟು ಎಣಿಸಬೇಕು ಎನ್ನುವುದರಲ್ಲಿದೆ.

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳಿ. ಅಮೆರಿಕದವರು ಸಿಂಗಲ್ ಕ್ರೋಶಾ ಎನ್ನುವುದನ್ನೇ ಬ್ರಿಟಿಷರು ಡಬಲ್ ಎನ್ನುತ್ತಾರೆ. ಅಮೆರಿಕದ ಡಬಲ್ ಬ್ರಿಟಿಷರಿಗೆ ಟ್ರೆಬಲ್. ಹಳೆಯ ಪುಸ್ತಕ ನೋಡಿ ಅರ್ಧ, ವಿಡಿಯೋ ನೋಡಿ ಅರ್ಧ ಹೆಣೆದರೆ ಕೆಲಸ ಸೊಟ್ಟಗಾಗುವುದು ಇದರಿಂದಲೇ. ಮಾದರಿಯಲ್ಲಿ 'ಹಾಫ್ ಟ್ರೆಬಲ್' ಕಂಡರೆ ಅದು ಬ್ರಿಟಿಷ್ ಲೆಕ್ಕ, 'ಸಿಂಗಲ್ ಕ್ರೋಶಾ' ಅಥವಾ 'ಹಾಫ್ ಡಬಲ್' ಕಂಡರೆ ಅಮೆರಿಕದ್ದು. ಇಲ್ಲಿ ಕಂಬ ಎಂದರೆ ಅಮೆರಿಕದ ಡಬಲ್, ಅಂದರೆ ಕಡ್ಡಿಗೆ ಒಮ್ಮೆ ದಾರ ಸುತ್ತಿ ಹಾಕುವುದು. ಎರಡು ಬಾರಿ ಸುತ್ತಿದರೆ ಎತ್ತರದ ಕಂಬ.

ದಾರ, ಕಡ್ಡಿ

ತೋರಣ, ಟೀಪಾಯಿ ಬಟ್ಟೆಗಳಿಗೆ 20 ನಂಬರ್ ಹತ್ತಿ ದಾರ, 1.25 ಮಿ.ಮೀ. ಕಡ್ಡಿ. ನಂಬರ್ ಏರಿದಷ್ಟೂ ದಾರ ಸಣ್ಣ: 40 ನಂಬರಿಗೆ 1 ಮಿ.ಮೀ., 10 ನಂಬರಿಗೆ 1.5 ಮಿ.ಮೀ. ಕಡ್ಡಿ ಸಾಕು. ಸ್ಟೀಲ್ ಕಡ್ಡಿಗಳ ನಂಬರ್ ಕಂಪನಿಯಿಂದ ಕಂಪನಿಗೆ ಬೇರೆಯಾಗುವುದರಿಂದ ಮಿ.ಮೀ. ಕೇಳಿಯೇ ಕೊಳ್ಳಿ. ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದಾಗ ಒಂದು ಕೆಲಸಕ್ಕೆ ಬೇಕಾದ ಉಂಡೆಗಳನ್ನೆಲ್ಲ ಒಟ್ಟಿಗೆ ತನ್ನಿ, ಎಲ್ಲದರ ಲಾಟ್ ನಂಬರ್ ಒಂದೇ ಇದೆಯೇ ನೋಡಿ. ಬಿಳಿಯಲ್ಲೂ ಬಿಳಿಗೆ ವ್ಯತ್ಯಾಸ ಇರುತ್ತದೆ. ಉಂಡೆಯಲ್ಲಿ ಕಾಣದ್ದು ಬಾಗಿಲಿಗೆ ಕಟ್ಟಿದ ಮೇಲೆ ಪಟ್ಟೆಯಾಗಿ ಕಾಣುತ್ತದೆ.

ಚೌಕದ ಹೆಣಿಗೆಯಲ್ಲಿ ಬಾಗಿಲ ತೋರಣ

ಫಿಲೆ ಎಂದು ಕರೆಯುವ ಈ ಹೆಣಿಗೆಯಲ್ಲಿ ಇರುವುದು ಎರಡೇ: ಖಾಲಿ ಚೌಕ, ತುಂಬಿದ ಚೌಕ. ಖಾಲಿ ಎಂದರೆ ಎರಡು ಕಂಬದ ನಡುವೆ 2 ಚೈನ್. ತುಂಬಿದ್ದು ಎಂದರೆ ಆ ಚೈನಿನ ಜಾಗದಲ್ಲಿ 2 ಕಂಬ. ಗ್ರಾಫ್ ಹಾಳೆಯಲ್ಲಿ ಬರೆದ ಯಾವ ಚಿತ್ರವನ್ನೂ ಇಳಿಸಬಹುದು.

ನವಿಲು, ಸುಸ್ವಾಗತ ಎಲ್ಲರ ಮನೆಯಲ್ಲೂ ಇದೆ. ಸಾಗರ ಸೀಮೆಯ ದೀವರು ಸಮುದಾಯದವರ ಮನೆಗೋಡೆಯ ಹಸೆ ಚಿತ್ತಾರ ಈ ಹೆಣಿಗೆಗೆ ಹೇಳಿ ಮಾಡಿಸಿದ ಹಾಗಿದೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ ಅಲ್ಲಿ. ಇಲ್ಲಿ ಬಿಳಿ ದಾರದ ತೋರಣದ ಹಿಂದೆ ಕೆಮ್ಮಣ್ಣು ಬಣ್ಣದ ಬಟ್ಟೆ ಕೊಟ್ಟರೆ ಅದೇ ನೋಟ ಬರುತ್ತದೆ. ಒಂದು ಎಚ್ಚರ: ಅಡ್ಡ, ಉದ್ದ ಗೆರೆಗಳು ಚೊಕ್ಕವಾಗಿ ಬರುತ್ತವೆ, ಓರೆ ಗೆರೆ ಮೆಟ್ಟಿಲಾಗುತ್ತದೆ. ಒಂದೇ ಚೌಕದ ಓರೆ ಗೆರೆ ದೂರಕ್ಕೆ ಚುಕ್ಕಿ ಚುಕ್ಕಿಯಾಗಿ ಕಾಣುವುದರಿಂದ ಓರೆಯನ್ನು ಯಾವಾಗಲೂ ಎರಡು ಚೌಕ ದಪ್ಪಕ್ಕೆ ಬರೆದುಕೊಳ್ಳಿ.

ಬಾಗಿಲಿನ ಅಗಲಕ್ಕೆ ಚೈನ್ ಹಾಕಿ ಶುರು ಮಾಡುವುದು ರೂಢಿ. ಅದು ಸುಮ್ಮನೆ ತಲೆನೋವು: ಆರುನೂರು ಚೈನ್ ಹಾಕಿ ಮೊದಲ ಸಾಲು ಮುಗಿಯುವ ಹೊತ್ತಿಗೆ ಹತ್ತು ಹೆಚ್ಚೋ ಕಡಿಮೆಯೋ ಆಗಿರುತ್ತದೆ. ತೋರಣವನ್ನು ಪಕ್ಕದಿಂದ ಹೆಣೆಯಿರಿ. ಇಳಿಬೀಳುವ ಎತ್ತರವೇ ಸಾಲಿನ ಉದ್ದ. ಬಾಗಿಲಿನ ಅಗಲ ಮುಟ್ಟಿದಾಗ ನಿಲ್ಲಿಸಿದರಾಯಿತು. ಗ್ರಾಫ್ ಹಾಳೆಯನ್ನು ಅಡ್ಡ ತಿರುಗಿಸಿ ಓದಿಕೊಳ್ಳಬೇಕು, ಅಷ್ಟೇ.

ಶುರುವಿನ ಚೈನ್ ಲೆಕ್ಕ ಹೀಗೆ. ಮೊದಲ ಚೌಕ ಖಾಲಿ ಇದ್ದರೆ, ಚೌಕಗಳ ಸಂಖ್ಯೆಯನ್ನು ಮೂರರಿಂದ ಗುಣಿಸಿ 5 ಸೇರಿಸಿ, ಮೊದಲ ಕಂಬವನ್ನು ಕಡ್ಡಿಯಿಂದ 8ನೇ ಚೈನಿಗೆ ಹಾಕಿ. ಮೊದಲ ಚೌಕ ತುಂಬಿದ್ದರೆ ಮೂರರಿಂದ ಗುಣಿಸಿ 3 ಸೇರಿಸಿ, ಮೊದಲ ಕಂಬ 4ನೇ ಚೈನಿಗೆ. 20 ಚೌಕಕ್ಕೆ 65 ಅಥವಾ 63 ಚೈನ್. ಸಾಲು ತಿರುಗಿಸುವಾಗ ಮುಂದಿನ ಚೌಕ ತುಂಬಿದ್ದರೆ 3 ಚೈನ್, ಖಾಲಿ ಇದ್ದರೆ 5. ಸಾಲಿನ ಕೊನೆಯ ಕಂಬವನ್ನು ಆ 5 ಚೈನಿನಲ್ಲಿ ಮೂರನೆಯದಕ್ಕೇ ಹಾಕಬೇಕು. ನಾಲ್ಕಕ್ಕೋ ಐದಕ್ಕೋ ಹಾಕಿದರೆ ಅಂಚು ಹಲ್ಲು ಹಲ್ಲಾಗುತ್ತದೆ.

ಕೆಳ ಅಂಚಿಗೆ ಮಾವಿನೆಲೆಯ ಹಾಗೆ ಮೊನೆ ಬೇಕಲ್ಲ, ಅದನ್ನು ಕೆಳ ಅಂಚಿನಿಂದ ಶುರುವಾಗುವ ಸಾಲುಗಳಲ್ಲಿ ಮಾತ್ರ ಮಾಡಿ. ಮೇಲಿನ ಅಂಚು ತಾನೇ ನೇರ ಇರುತ್ತದೆ. ಎರಡು ಖಾಲಿ ಚೌಕ ಹೆಚ್ಚಿಸಲು: 10 ಚೈನ್, ಕಡ್ಡಿಯಿಂದ 8ನೆಯದಕ್ಕೆ ಒಂದು ಕಂಬ, 2 ಚೈನ್, ಹಿಂದಿನ ಸಾಲಿನ ಕೊನೆಯ ಕಂಬದ ತಲೆಗೆ ಒಂದು ಕಂಬ. ಎರಡು ಚೌಕ ಇಳಿಸಲು: ಚೈನ್ ಹಾಕದೆ 6 ಸ್ಲಿಪ್ ಹೆಣಿಗೆಯಲ್ಲಿ (ಕಡ್ಡಿ ತೂರಿಸಿ ಎಳೆದ ದಾರವನ್ನು ಕಡ್ಡಿಯ ಮೇಲಿನ ಕುಣಿಕೆಯಿಂದಲೂ ಹಾಗೇ ಎಳೆಯುವುದು) ಎರಡು ಚೌಕ ದಾಟಿ, ಆಮೇಲೆ 3 ಅಥವಾ 5 ಚೈನ್ ಎತ್ತಿ. ಐದು ಸಲ ಹೆಚ್ಚಿಸಿ ಐದು ಸಲ ಇಳಿಸಿದರೆ 20 ಚೌಕ 30ಕ್ಕೆ ಹೋಗಿ 20ಕ್ಕೆ ಮರಳುತ್ತದೆ. ಒಂದು ಮೊನೆಗೆ 20 ಸಾಲು.

ಶುರು ಮಾಡುವ ಮುಂಚೆ 10 ಚೌಕ ಅಗಲ, 10 ಸಾಲು ಎತ್ತರದ ತುಣುಕು ಹೆಣೆದು ಅಳೆಯಿರಿ. ಹತ್ತು ಸಾಲಿಗೆ 4.5 ಸೆಂ.ಮೀ. ಬಂದರೆ 90 ಸೆಂ.ಮೀ. ಬಾಗಿಲಿಗೆ 200 ಸಾಲು, ಅಂದರೆ ಸರಿಯಾಗಿ ಹತ್ತು ಮೊನೆ. ತುಣುಕು ಚೌಕವಾಗದೆ ಕುಳ್ಳಗಾದರೆ ಕಡ್ಡಿ ಬದಲಿಸಿ ಪ್ರಯೋಜನ ಕಡಿಮೆ. ಕಂಬದ ಎತ್ತರ ನಿಲ್ಲುವುದು ಕಡ್ಡಿ ತೂರಿಸಿ ಮೊದಲು ಎಳೆಯುವ ಕುಣಿಕೆಯ ಮೇಲೆ. ಆ ಒಂದು ಕುಣಿಕೆಯನ್ನು ಕೂದಲೆಳೆಯಷ್ಟು ಮೇಲೆತ್ತಿ ಹಾಕಿ ನೋಡಿ. ಎರಡು ಸಾಲಿನಲ್ಲಿ ಫರಕು ಗೊತ್ತಾಗುತ್ತದೆ.

ಅನಾನಸ್

ಸೊರಬ, ಬನವಾಸಿ ಕಡೆಯ ಹೊಲದಲ್ಲಿ ಬೆಳೆಯುವ ಹಣ್ಣು ದಾರದಲ್ಲಿ ಬರುವುದು ಹೀಗೆ. ಎರಡು ಪಕ್ಕದಲ್ಲಿ ಚಿಪ್ಪು (2 ಕಂಬ, 2 ಚೈನ್, 2 ಕಂಬ), ನಡುವೆ ಹಣ್ಣು. ಪ್ರತಿ ಸಾಲಿನ ಶುರುವಿನಲ್ಲಿ ಚಿಪ್ಪಿನ ಎರಡು ಕಂಬದ ಮೇಲೆ ಸ್ಲಿಪ್ ಹೆಣಿಗೆಯಲ್ಲಿ ನಡೆದು, ನಡುವಿನ 2 ಚೈನಿನ ಕಿಂಡಿಗೆ ಬಂದು, 3 ಚೈನ್ ಎತ್ತಿ ಅದನ್ನೇ ಮೊದಲ ಕಂಬವೆಂದು ಎಣಿಸಿ ಹೊಸ ಚಿಪ್ಪು ಹಾಕಿ.

1ನೇ ಸಾಲು: ಚಿಪ್ಪು, 2 ಚೈನ್, ನಡುವಿನ ಕಿಂಡಿಯಲ್ಲಿ 10 ಕಂಬ, 2 ಚೈನ್, ಚಿಪ್ಪು.
2ನೇ ಸಾಲು: ಚಿಪ್ಪು, 2 ಚೈನ್, ಆ ಹತ್ತು ಕಂಬದ ಮೇಲೆ ಒಂದೊಂದು ಕಂಬ, ಕಂಬದಿಂದ ಕಂಬಕ್ಕೆ ನಡುವೆ 1 ಚೈನ್, ಕೊನೆಗೆ 2 ಚೈನ್, ಚಿಪ್ಪು. ಈಗ ಹಣ್ಣಿನಲ್ಲಿ 9 ಕಿಂಡಿ.
3ನೇ ಸಾಲು: ಚಿಪ್ಪು, 2 ಚೈನ್, ಒಂಬತ್ತು ಕಿಂಡಿಗೂ ಒಂದೊಂದು ಸಿಂಗಲ್, ಸಿಂಗಲ್‌ಗಳ ನಡುವೆ 3 ಚೈನ್, 2 ಚೈನ್, ಚಿಪ್ಪು. ಈ 3 ಚೈನಿನ ಕಮಾನು 8.
4ರಿಂದ 10ನೇ ಸಾಲು: ಪ್ರತಿ ಕಮಾನಿಗೆ ಒಂದು ಸಿಂಗಲ್, ನಡುವೆ 3 ಚೈನ್. ಕಮಾನು ಸಾಲಿಗೊಂದರಂತೆ 7, 6, 5 ಎಂದು ಇಳಿದು 10ನೇ ಸಾಲಿಗೆ ಒಂದೇ ಉಳಿಯುತ್ತದೆ.
11ನೇ ಸಾಲು: ಚಿಪ್ಪು, 2 ಚೈನ್, ಆ ಒಂಟಿ ಕಮಾನಿಗೆ ಸಿಂಗಲ್, 2 ಚೈನ್, ಚಿಪ್ಪು.
12ನೇ ಸಾಲು: ಮೊದಲ ಚಿಪ್ಪಿನ ಕಿಂಡಿಯಲ್ಲಿ 2 ಕಂಬ, ನಡುವೆ ಏನೂ ಹಾಕದೆ ಎರಡನೇ ಚಿಪ್ಪಿನ ಕಿಂಡಿಯಲ್ಲಿ 2 ಕಂಬ. ತುದಿ ಮುಚ್ಚಿತು.

ಚಿಪ್ಪಿಗೂ ಹಣ್ಣಿಗೂ ನಡುವಿನ ಆ 2 ಚೈನ್ ಎಂದೂ ಕಮಾನಲ್ಲ, ಅದಕ್ಕೆ ಸಿಂಗಲ್ ಹಾಕಬಾರದು. ಒಂದು ಪಕ್ಕ ಹಾಕಿದರೆ ಕಮಾನು ಇಳಿಯುವುದಿಲ್ಲ, ಎರಡೂ ಪಕ್ಕ ಹಾಕಿದರೆ ಹಣ್ಣು ಅಗಲವಾಗುತ್ತಲೇ ಹೋಗುತ್ತದೆ. ಪಕ್ಕಕ್ಕೆ 2, ಕಮಾನಿಗೆ 3 ಎಂದು ಬೇರೆ ಬೇರೆ ಇಟ್ಟಿರುವುದೇ ಕಣ್ಣಿಗೆ ವ್ಯತ್ಯಾಸ ತಿಳಿಯಲಿ ಎಂದು. ಸಾಲು ಮುಗಿದಾಗಲೆಲ್ಲ ಕಮಾನು ಎಣಿಸಿ. ಕಮಾನಿನ ಸಂಖ್ಯೆಗೆ ಸಾಲಿನ ಸಂಖ್ಯೆ ಕೂಡಿಸಿದರೆ 11 ಬರಬೇಕು (5ನೇ ಸಾಲಿಗೆ 6, 8ನೇ ಸಾಲಿಗೆ 3). ಬರದಿದ್ದರೆ ಅಲ್ಲೇ ಬಿಚ್ಚಿ, ಮುಂದೆ ಸರಿಹೋಗುತ್ತದೆ ಎಂದು ಬಿಡಬೇಡಿ.

ದುಂಡನೆಯ ಟೀಪಾಯಿ ಬಟ್ಟೆಗೆ ನಡುವಿನ ಭಾಗ ಸಮತಟ್ಟಾಗಿರಬೇಕು. ಕಂಬದ ಸುತ್ತಾದರೆ 12ರಿಂದ ಶುರು ಮಾಡಿ ಸುತ್ತಿಗೆ 12 ಹೆಚ್ಚಿಸಿ, ಸಿಂಗಲ್ ಆದರೆ 6ರಿಂದ ಶುರು, 6ರಂತೆ ಹೆಚ್ಚಳ. ಬಟ್ಟಲಿನಂತೆ ಮಡಚಿಕೊಂಡರೆ ಹೆಚ್ಚಿಸಿದ್ದು ಸಾಲದು, ನೆರಿಗೆ ಬಿದ್ದರೆ ಹೆಚ್ಚಾಯಿತು.

ಜಡೆ, ಗುಂಡು, ಸುರುಳಿ

ಕುಲಾವಿ, ಸ್ವೆಟರ್, ಶಾಲಿಗೆ ಉಬ್ಬಿದ ಹೆಣಿಗೆ ಚೆಂದ. ಇದಕ್ಕೆ ಉಲ್ಲನ್ ದಾರ, 3.5ರಿಂದ 4 ಮಿ.ಮೀ. ಕಡ್ಡಿ.

ಜಡೆ ಹಾಕುವಾಗ ಕಡ್ಡಿ ಕಂಬದ ತಲೆಗೆ ಹೋಗುವುದಿಲ್ಲ, ಕಂಬದ ಮೈಯನ್ನು ಬಳಸಿ ಹೋಗುತ್ತದೆ: ಮುಂದಿನಿಂದ ಒಳಗೆ, ಕಂಬದ ಹಿಂದಿನಿಂದ, ಮತ್ತೆ ಮುಂದಕ್ಕೆ. ಮೊದಲು ಒಂದು ಕಂಬದ ಸಾಲು, ಮೇಲೆ ಒಂದು ಸಿಂಗಲ್ ಸಾಲು. ಮೂರನೇ ಸಾಲಿನಲ್ಲಿ ನಾಲ್ಕು ಕಂಬದ ಜಾಗ ತೆಗೆದುಕೊಂಡು, ಮೊದಲೆರಡನ್ನು ಬಿಟ್ಟು, ಕೆಳಗಿನ ಕಂಬದ ಸಾಲಿನ 3, 4ನೆಯದರ ಮೈಗೆ ಎತ್ತರದ ಕಂಬ. ಆಮೇಲೆ ಅವುಗಳ ಮುಂದಿನಿಂದ ಹಿಂದಕ್ಕೆ ಬಂದು 1, 2ನೆಯದರ ಮೈಗೆ ಎತ್ತರದ ಕಂಬ. ಇಲ್ಲಿ ಸಾದಾ ಕಂಬ ಹಾಕಿದರೆ ದಾಟಲು ಉದ್ದ ಸಾಲದೆ ಬಟ್ಟೆ ಮುದುಡುತ್ತದೆ. ಸಿಂಗಲ್ ಸಾಲು ಹಾಕಿ, ಮುಂದಿನ ಎದುರಿನ ಸಾಲಿನಲ್ಲಿ ಜಡೆಯ ಮೈಗೇ ನೇರ ಹೆಣೆದು, ಅದರ ಮುಂದಿನದರಲ್ಲಿ ಮತ್ತೆ ದಾಟಿಸಿ.

ಪ್ರತಿ ಜಡೆ ಕಂಬದ ಹಿಂದೆ ಒಂದು ಸಿಂಗಲ್ ಅಡಗಿ ಕೂತಿರುತ್ತದೆ. ಅದನ್ನು ಬಿಟ್ಟು ಮುಂದಕ್ಕೆ ಹೋಗಬೇಕು. ಅದಕ್ಕೂ ಹೆಣೆದರೆ ಸಾಲಿಗೆ ನಾಲ್ಕರಂತೆ ಹೆಚ್ಚಾಗಿ, ಕುಲಾವಿ ಹೆಣೆಯಲು ಹೋಗಿ ಕೊಡೆಯಾಗುತ್ತದೆ. ಜಡೆ ಬಟ್ಟೆಯನ್ನು ಒಳಕ್ಕೆ ಎಳೆಯುವುದರಿಂದ ಅಳತೆಯ ತುಣುಕನ್ನು ಜಡೆ ಸಮೇತ ಹೆಣೆದೇ ಅಳೆಯಿರಿ.

ಗುಂಡುಗಳಲ್ಲಿ ಪಾಪ್‌ಕಾರ್ನ್, ಬಾಬಲ್ ಎರಡನ್ನೂ ಒಂದೇ ಎಂದುಕೊಳ್ಳುವವರಿದ್ದಾರೆ. ಬಾಬಲ್‌ಗೆ ಒಂದೇ ಜಾಗದಲ್ಲಿ 5 ಕಂಬವನ್ನು ಕೊನೆಯ ಎಳೆತ ಬಿಟ್ಟು ಅರ್ಧಕ್ಕೇ ನಿಲ್ಲಿಸಿ, ಕಡ್ಡಿಯ ಮೇಲುಳಿದ 6 ಕುಣಿಕೆಯಿಂದ ಒಟ್ಟಿಗೆ ದಾರ ಎಳೆಯುವುದು. ಪಾಪ್‌ಕಾರ್ನ್‌ಗೆ 5 ಪೂರ್ತಿ ಕಂಬ ಹಾಕಿ, ಕುಣಿಕೆಯಿಂದ ಕಡ್ಡಿ ತೆಗೆದು, ಮೊದಲ ಕಂಬದ ತಲೆಗೆ ತೂರಿಸಿ, ಬಿಟ್ಟ ಕುಣಿಕೆಯನ್ನು ಅದರೊಳಗಿಂದ ಎಳೆಯುವುದು. ಬಾಬಲ್ ಅನ್ನು ಹಿಂಬದಿಯ ಸಾಲಿನಲ್ಲಿ ಹಾಕಿದರೆ ಮುಂದಕ್ಕೆ ಚೆನ್ನಾಗಿ ಉಬ್ಬುತ್ತದೆ. ಪಾಪ್‌ಕಾರ್ನ್ ಹೆಚ್ಚು ದುಂಡಗೆ ನಿಲ್ಲುತ್ತದೆ, ದಾರವನ್ನೂ ಹೆಚ್ಚು ತಿನ್ನುತ್ತದೆ.

ಸುರುಳಿಗೆ (ಬುಲಿಯನ್) ದಾರವನ್ನು 7ರಿಂದ 10 ಬಾರಿ ಸುತ್ತಿ ಎಲ್ಲದರಿಂದ ಒಮ್ಮೆಗೇ ಎಳೆಯಬೇಕು. ಕಡ್ಡಿಯ ಕೊಕ್ಕೆ ಪ್ರತಿ ಸುತ್ತಿಗೂ ಸಿಕ್ಕಿಹಾಕಿಕೊಳ್ಳುತ್ತದೆ ಎನ್ನುವುದು ಎಲ್ಲರ ದೂರು. ಸುತ್ತುವಾಗ ಕೊಕ್ಕೆಯ ಪಕ್ಕದ ಸಣ್ಣ ಕತ್ತಿನ ಮೇಲೆ ಸುತ್ತಬೇಡಿ, ಹಿಂದಿನ ದಪ್ಪ ಭಾಗದ ಮೇಲೆ ಸುತ್ತಿ. ಎಳೆಯುವಾಗ ಕೊಕ್ಕೆಯ ಬಾಯಿ ಕೆಳಕ್ಕೆ ತಿರುಗಿರಲಿ, ಎಡಗೈ ಹೆಬ್ಬೆರಳು ಸುರುಳಿಯನ್ನು ಮೆಲ್ಲಗೆ ಒತ್ತಿ ಹಿಡಿದಿರಲಿ. ಆದರೂ ಬರದಿದ್ದರೆ ಒಂದೊಂದೇ ಸುತ್ತನ್ನು ಉಗುರಿನಿಂದ ದಾಟಿಸಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಗಂಜಿ ಮತ್ತು ಮಳೆಗಾಲ

ಲೇಸಿನ ಕೆಲಸ ಕಡ್ಡಿಯಿಂದ ಇಳಿದಾಗ ಮುದುಡಿದ ಬಾಳೆಲೆಯ ಹಾಗೇ ಇರುತ್ತದೆ. ಒಗೆದು, ಒದ್ದೆಯಿರುವಾಗ ಥರ್ಮೊಕೋಲ್ ಹಲಗೆಯ ಮೇಲೆ ಬಿಳಿ ಬಟ್ಟೆ ಹಾಸಿ, ಮೊನೆ ಮೊನೆಗೂ ಪಿನ್ನು ಚುಚ್ಚಿ ಎಳೆದು ಒಣಗಿಸಬೇಕು. ಪಿನ್ನು ತುಕ್ಕು ಹಿಡಿಯದ್ದೇ ಬೇಕು. ನಮ್ಮ ಹವೆಯಲ್ಲಿ ಸಾದಾ ಪಿನ್ನು ಒಂದೇ ರಾತ್ರಿಯಲ್ಲಿ ಕಂದು ಚುಕ್ಕಿ ಇಟ್ಟುಬಿಡುತ್ತದೆ, ಆ ಕಲೆ ಹೋಗುವುದೂ ಕಷ್ಟ.

ಬಿರುಸಾಗಿ ನಿಲ್ಲಲು ಎರಡು ಚಮಚ ಸಬ್ಬಕ್ಕಿಯನ್ನು ಅರ್ಧ ಲೀಟರ್ ನೀರಿನಲ್ಲಿ ಕಾಳು ಕರಗುವ ತನಕ ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಅದರಲ್ಲಿ ಅದ್ದಿ ಹಿಂಡಿ. ಸಕ್ಕರೆ ಪಾಕದಲ್ಲಿ ಅದ್ದುವ ಉಪಾಯವೂ ಇದೆ; ಇರುವೆಗೆ ಊಟ ಹಾಕುವ ಆಸೆಯಿದ್ದರೆ ಮಾಡಬಹುದು. ಗಂಜಿ ಹಾಕುವ ಕೆಲಸವನ್ನು ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಆಗುಂಬೆ, ಹೊಸನಗರದ ಕಡೆ ಬಟ್ಟೆ ಪೂರ್ತಿ ಒಣಗುವುದೇ ಇಲ್ಲ, ಗಂಜಿಯ ಮೇಲೆ ಬೂಷ್ಟು ಬೇಗ ಹತ್ತುತ್ತದೆ. ಬಚ್ಚಲ ಒಲೆಯ ಮೇಲೆ ಹರವಿದರೆ ಒಣಗುತ್ತದೆ ನಿಜ, ಹೊಗೆ ಬಡಿದು ಬಿಳಿ ದಾರ ಹಳದಿಯಾಗುತ್ತದೆ. ಮಳೆಗಾಲಕ್ಕೆ ಎತ್ತಿಡುವ ತೋರಣವನ್ನು ಗಂಜಿ ಹೋಗುವಂತೆ ಒಗೆದು, ಬಿಸಿಲು ಕಂಡ ದಿನ ಒಣಗಿಸಿ, ಮಡಚದೆ ಕೋಲಿಗೆ ಸುತ್ತಿ ಹಳೆಯ ಹತ್ತಿ ಪಂಚೆಯಲ್ಲಿ ಕಟ್ಟಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಟ್ಟರೆ ಒಳಗಿನ ತೇವ ಒಳಗೇ ಉಳಿಯುತ್ತದೆ.