ಇಂಗ್ಲೆಂಡಿನಲ್ಲಿ ಮನೆ ದೊಡ್ಡದು ಮಾಡುವ ಮುಂಚೆ

ಇಲ್ಲಿ ಮನೆ ತಗೊಂಡು ಎರಡು ವರ್ಷ ಆಗುವಷ್ಟರಲ್ಲಿ ನಮ್ಮವರಿಗೆಲ್ಲ ಒಂದೇ ಆಸೆ. ಅಡುಗೆಮನೆ ದೊಡ್ಡದಾಗಬೇಕು, ಊರಿಂದ ಅಪ್ಪ ಅಮ್ಮ ಬಂದರೆ ಕೆಳಗೇ ಒಂದು ರೂಮು ಇರಬೇಕು. ಬಿಲ್ಡರ್‌ಗೆ ಆಮೇಲೆ ಫೋನ್ ಮಾಡಿ. ಮೊದಲು ಕೌನ್ಸಿಲ್ (ಇಲ್ಲಿನ ಸ್ಥಳೀಯ ಆಡಳಿತ) ವೆಬ್‌ಸೈಟಿನ ಪ್ಲಾನಿಂಗ್, ಅಂದರೆ ಕಟ್ಟಡದ ಅನುಮತಿಯ ಪುಟದಲ್ಲಿ ನಿಮ್ಮ ವಿಳಾಸ ಹಾಕಿ ನೋಡಿ. ಊರಲ್ಲಿ ಸೈಟು ತಗೊಳ್ಳುವಾಗ ಇಸಿ ತೆಗೆಸುತ್ತೇವಲ್ಲ, ಹಾಗೆ. ಹಳೇ ಅನುಮತಿ, ಷರತ್ತು ಅಂತ ನಿಮ್ಮ ಮನೆಯ ಜಾತಕ ಅಲ್ಲಿರುತ್ತದೆ.

ಜಾತಕ ಯಾಕೆ ಅಂದರೆ, ಅರ್ಜಿ ಹಾಕದೆಯೇ ಕಟ್ಟಬಹುದಾದ 'ಪರ್ಮಿಟೆಡ್ ಡೆವಲಪ್‌ಮೆಂಟ್' ಅಂತ ಒಂದಿದೆ. ಹಿಂದಕ್ಕೆ ಒಂದೇ ಅಂತಸ್ತಾದರೆ ಸೆಮಿ (ಒಂದು ಗೋಡೆ ಹಂಚಿಕೊಂಡ ಜೋಡಿ ಮನೆ), ಟೆರೇಸ್ (ಸಾಲು ಮನೆ) ಮನೆಗಳಿಗೆ 3 ಮೀಟರ್‌ವರೆಗೆ, ಡಿಟ್ಯಾಚ್ಡ್ (ಒಂಟಿ ಮನೆ) ಆದರೆ 4. ಆದರೆ ಅಳೆಯುವುದು ಈಗಿರುವ ಗೋಡೆಯಿಂದ ಅಲ್ಲ, 'ಒರಿಜಿನಲ್' ಮನೆಯಿಂದ. ಅಂದರೆ 1948ರ ಜುಲೈ 1ರಂದು ಮನೆ ಹೇಗಿತ್ತೋ ಹಾಗೆ. ಆಮೇಲೆ ಕಟ್ಟಿದ್ದಾದರೆ ಮೊದಲು ಕಟ್ಟಿದ ಹಾಗೆ. ಹಳೇ ಮಾಲೀಕರು ಆಗಲೇ 2 ಮೀಟರ್ ಎಳೆದಿದ್ದರೆ ಸೆಮಿ, ಟೆರೇಸಿನಲ್ಲಿ ನಿಮಗೆ ಉಳಿಯುವುದು 1. ಫ್ಲಾಟಿಗೆ ಈ ಸೌಲಭ್ಯವೇ ಇಲ್ಲ. ಹೊಸ ಎಸ್ಟೇಟುಗಳಲ್ಲಿ ಎಷ್ಟೋ ಸಲ ಮೂಲ ಅನುಮತಿಯ ಷರತ್ತಿನಲ್ಲೇ ಅದನ್ನು ಕಿತ್ತುಕೊಂಡಿರುತ್ತಾರೆ. ಕನ್ಸರ್ವೇಶನ್ ಏರಿಯಾ (ಹಳೇ ಸ್ವರೂಪ ಉಳಿಸಲು ಗುರುತಿಸಿದ ಜಾಗ), 'ಆರ್ಟಿಕಲ್ 4' (ಕೌನ್ಸಿಲ್ ಈ ಸೌಲಭ್ಯ ವಾಪಸ್ ಪಡೆಯುವ ಆದೇಶ) ಅಂತ ಕಂಡರೆ ಇನ್ನೂ ಜಾಸ್ತಿ ಹುಷಾರು.

ಅರ್ಜಿ ಬೇಕೇ ಬೇಕು ಅಂತಾದರೆ ನಮ್ಮ ಎಡವಟ್ಟು ಕೇಳಿ. ನಕ್ಷೆ ನಾನೇ ತಯಾರು ಮಾಡಿದ್ದೆ. 1:1250 ಸ್ಕೇಲು, ಉತ್ತರದ ಬಾಣ, ಎಲ್ಲಾ ಸರಿ. ಮನೆ, ಹಿತ್ತಲು ಸುತ್ತ ಕೆಂಪು ಗೆರೆ ನೀಟಾಗಿ ಎಳೆದೆ. ನಾಲ್ಕು ದಿನಕ್ಕೆ 'ಇನ್‌ವ್ಯಾಲಿಡ್' ಅಂತ ವಾಪಸ್ ಬಂತು. ಕೆಂಪು ಗೆರೆ ರಸ್ತೆವರೆಗೆ ಹೋಗಬೇಕಂತೆ! ನಮ್ಮದೋ ಓಣಿಯ ಕೊನೆಯ ಮನೆ, ಆ ದಾರಿ ಇನ್ನೊಬ್ಬರ ಹೆಸರಲ್ಲಿ. ಹಾಗಾಗಿ ಜಾಗವೆಲ್ಲ ನನ್ನದೇ ಅನ್ನುವ ಸರ್ಟಿಫಿಕೇಟ್ 'ಎ' ಸುಳ್ಳಾಯಿತು. ದಾರಿಯ ಮಾಲೀಕರಿಗೆ ನೋಟಿಸ್ ಕೊಟ್ಟು 'ಬಿ'ಗೆ ಸಹಿ ಹಾಕಬೇಕಾಯಿತು. ಕೌನ್ಸಿಲ್ಲಿನ 8 ವಾರದ ಲೆಕ್ಕ ಶುರುವಾಗುವುದು ಅರ್ಜಿ ಸರಿ ಇದೆ ಅಂದ ಮೇಲೆಯೇ. ಆ ಒಂದು ಗೆರೆಗೆ ನಮ್ಮ ಮೂರು ವಾರ ಸುಮ್ನೆ ಹೋಯಿತು.

ಕಟ್ಟಡ ಸುರಕ್ಷಿತವಾಗಿದೆಯಾ ಅಂತ ನೋಡುವ ಬಿಲ್ಡಿಂಗ್ ರೆಗ್ಯುಲೇಶನ್ಸ್ ಬೇರೆ, ಹಂಚಿಕೊಂಡ ಗೋಡೆ ಬಗ್ಗೆ ಪಕ್ಕದವರಿಗೆ ಕೊಡುವ ಪಾರ್ಟಿ ವಾಲ್ ನೋಟಿಸ್ ಬೇರೆ. ಪ್ಲಾನಿಂಗ್ ಸಿಕ್ಕಿತು ಅಂತ ಅವು ತಪ್ಪುವುದಿಲ್ಲ. ಅರ್ಜಿ ಬೇಡ ಅನ್ನುವಂಥ ಕೆಲಸವಾದರೂ ಕಟ್ಟಿದ್ದು ಕಾನೂನುಬದ್ಧ ಅಂತ ಕೌನ್ಸಿಲ್ ಕೊಡುವ 'ಲಾಫುಲ್ ಡೆವಲಪ್‌ಮೆಂಟ್ ಸರ್ಟಿಫಿಕೇಟ್' ಮಾಡಿಸಿಟ್ಟುಕೊಳ್ಳಿ. ಮನೆ ಮಾರುವಾಗ ಕೊಳ್ಳುವವರ ವಕೀಲರು ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು.

ಇನ್ನು ಅಕ್ಕಪಕ್ಕದವರು. ಕೌನ್ಸಿಲ್ ಕಾಗದ ಅವರ ಬಾಗಿಲಿಗೆ ಬೀಳುವ ಮುಂಚೆ ನೀವೇ ನಕ್ಷೆ ಹಿಡಿದು ಹೋಗಿ. ಅವರ ಮನೆ ಬೆಲೆ ಇಳಿಯುತ್ತದೆ ಅನ್ನುವ ತಕರಾರು ಅಲ್ಲಿ ನಡೆಯುವುದಿಲ್ಲ. ಬೆಳಕು ತಪ್ಪುತ್ತದೆ, ನಮ್ಮ ಹಿತ್ತಲು ಕಾಣುತ್ತದೆ ಅನ್ನುವಂಥ ಮಾತಿಗೆ ತೂಕ. ನಾವು ಒಂದು ಡಬ್ಬ ಚಕ್ಕುಲಿ ಜೊತೆ ಹೋಗಿದ್ದೆವು. ಪಕ್ಕದ ಅಜ್ಜಿ ಕನ್ನಡಕ ಹಾಕಿಕೊಂಡು ನಕ್ಷೆ ಪೂರ್ತಿ ನೋಡಿ, ಬಚ್ಚಲ ಕಿಟಕಿಯ ಮೇಲೆ ಬೆರಳಿಟ್ಟರು. "ಇದಕ್ಕೆ ಮಸುಕು ಗಾಜು ತಾನೇ?" ಆ ರಾತ್ರಿಯೇ ನಕ್ಷೆಯಲ್ಲಿ ಹಾಗಂತ ಬರೆದೆ. ಅವರಿಂದ ಆಕ್ಷೇಪಣೆ ಬರಲಿಲ್ಲ, ಚಕ್ಕುಲಿ ಡಬ್ಬ ಮಾತ್ರ ಕೇಕ್ ತುಂಬಿಕೊಂಡು ವಾಪಸ್ ಬಂತು.