ಪ್ರಾರ್ಥನೆಗೆ ಕೂರಲು ಮನಸ್ಸೇ ಬರುತ್ತಿಲ್ಲವೇ? ಹೀಗೆ ಶುರು ಮಾಡಿ

ಈ ವರ್ಷ ಸತ್ಯವೇದ (ಬೈಬಲ್) ಪೂರ್ತಿ ಓದಲೇಬೇಕು ಅಂತ ಜನವರಿ ಒಂದಕ್ಕೆ ತೀರ್ಮಾನ ಮಾಡುತ್ತೇವೆ. ದಿನಕ್ಕೆ ಮೂರು ಅಧ್ಯಾಯ. ಮೊದಲ ಪುಸ್ತಕ ಆದಿಕಾಂಡ ಕಥೆಯ ಹಾಗೆ ಓಡುತ್ತದೆ, ಕೆಂಪು ಸಮುದ್ರ ದಾಟುವವರೆಗೂ ಬೇಸರವಿಲ್ಲ. ಜನವರಿ 26ಕ್ಕೆ ಎರಡನೇ ಪುಸ್ತಕ ವಿಮೋಚನಕಾಂಡದ 26ನೇ ಅಧ್ಯಾಯ ಬರುತ್ತದೆ. ದೇವರ ಆರಾಧನೆಗೆ ಕಟ್ಟುವ ಗುಡಾರದ ಪರದೆಗಳು, ಒಂದೊಂದೂ 28 ಮೊಳ ಉದ್ದ, ಅಂಚಿಗೆ 50 ಕುಣಿಕೆ. ನನ್ನ ಸತ್ಯವೇದದಲ್ಲಿ ಗುರುತಿಗೆ ಇಟ್ಟಿದ್ದ ಹಳೇ ಆರಾಧನೆ ಚೀಟಿ ಎರಡು ವರ್ಷ ಆ ಪುಟದಲ್ಲೇ ಇತ್ತು. ನಂಬಿಕೆ ಹೋಗಿರಲಿಲ್ಲ, ಭಾನುವಾರ ಸಭೆಗೂ ಹೋಗುತ್ತಿದ್ದೆ, ಊಟಕ್ಕೆ ಮುಂಚೆ ಪ್ರಾರ್ಥನೆಯೂ ಇತ್ತು. ಆದರೆ ಒಬ್ಬಳೇ ದೇವರ ಮುಂದೆ ಕೂರಬೇಕು ಅಂದರೆ ಮನಸ್ಸು ಏಳುತ್ತಿರಲಿಲ್ಲ.

ಇದು ಮೊಬೈಲ್ ತಂದ ಕಾಯಿಲೆ ಅಲ್ಲ. ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಎವಾಗ್ರಿಯಸ್ ಎಂಬ ಸನ್ಯಾಸಿ ಇದಕ್ಕೆ ಅಕೀಡಿಯಾ ಅಂತ ಹೆಸರು ಹೇಳಿ, ಹೇಗೆ ಬರುತ್ತದೆ ಅಂತಲೂ ಬರೆದಿಟ್ಟಿದ್ದಾರೆ. ಬೆಳಿಗ್ಗೆ ಹತ್ತರ ಸುಮಾರಿಗೆ ಶುರು. ಸೂರ್ಯ ಕದಲುವುದೇ ಇಲ್ಲ, ಹಗಲು ಐವತ್ತು ಗಂಟೆ ಅನ್ನಿಸುತ್ತದೆ. ಸನ್ಯಾಸಿ ಕಿಟಕಿ ಕಡೆ ನೋಡುತ್ತಾನೆ, ಊಟದ ಹೊತ್ತಾಯಿತಾ ಅಂತ ಹೊರಗೆ ಬರುತ್ತಾನೆ, ಮಾತಿಗೆ ಯಾರಾದರೂ ಸಿಗುತ್ತಾರಾ ಅಂತ ಕಾಯುತ್ತಾನೆ. ಆಮೇಲೆ ಈ ಜಾಗವೇ ಸರಿಯಿಲ್ಲ, ಇಲ್ಲಿ ಯಾರಲ್ಲೂ ಪ್ರೀತಿಯಿಲ್ಲ ಅನ್ನಿಸತೊಡಗುತ್ತದೆ. ಸಭೆ ಬದಲಾಯಿಸಬೇಕು ಅಂತ ನಮಗೆ ಅನ್ನಿಸುವ ದಿನಗಳೂ ಹೀಗೇ ಅಲ್ವಾ?

ಮೊದಲು ನೋಡಬೇಕಾದ್ದು ಇದು ಸೋಮಾರಿತನವೋ ದಣಿವೋ ಅಂತ. ಸತ್ಯವೇದದಲ್ಲಿ ಬರುವ ಪ್ರವಾದಿ ಎಲೀಯನು ಸಾಕಾಯಿತು ದೇವರೇ, ಸಾಯುತ್ತೇನೆ ಅಂತ ಗಿಡದ ಕೆಳಗೆ ಮಲಗಿದಾಗ ದೇವದೂತನು ಬೈಯಲಿಲ್ಲ. ರೊಟ್ಟಿ, ನೀರು ಕೊಟ್ಟು ಎಬ್ಬಿಸಿದನು. ತಿಂದು ಮತ್ತೆ ಮಲಗಿದವನನ್ನು ಎರಡನೇ ಸಲವೂ ಹಾಗೇ ಎಬ್ಬಿಸಿ ಊಟ ಕೊಟ್ಟನು. ಎಳೇ ಮಗುವಿಗಾಗಿ ರಾತ್ರಿಯಿಡೀ ಎದ್ದಿರುವ ತಾಯಿ, ನೈಟ್ ಶಿಫ್ಟ್ ಮುಗಿಸಿ ಬಂದ ನರ್ಸ್ ತಮ್ಮನ್ನು ಸೋಮಾರಿ ಅಂದುಕೊಳ್ಳಬೇಡಿ. ನಿದ್ದೆ ಮಾಡಿ.

ದಣಿವಲ್ಲ ಅಂತ ಗೊತ್ತಾದರೆ ಒಂದು ಕುರ್ಚಿ, ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಸತ್ಯವೇದ ರಾತ್ರಿಯೇ ಆ ಕುರ್ಚಿ ಮೇಲೆ ತೆರೆದಿರಲಿ, ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಮನಸ್ಸು ಬರಲಿ ಆಮೇಲೆ ಕೂರೋಣ ಅಂತ ಕಾದರೆ ಅದು ಬರುವುದಿಲ್ಲ. ನಾನು ಕಾದು ನೋಡಿದ್ದೇನೆ. ಕೂತ ಮೇಲೆ, ಅದೂ ಎಷ್ಟೋ ದಿನ ಕೂತ ಮೇಲೆ, ನಿಧಾನಕ್ಕೆ ಬರುತ್ತದೆ.

ಎಷ್ಟು ಓದಬೇಕು? ಕಡಿಮೆ. ಮಾರ್ಕನ ಸುವಾರ್ತೆಯಲ್ಲಿ 16 ಅಧ್ಯಾಯ, ದಿನಕ್ಕೊಂದರಂತೆ 16 ದಿನದಲ್ಲಿ ಮುಗಿಯುತ್ತದೆ. ಅದೂ ಭಾರ ಅನ್ನಿಸಿದರೆ 117ನೇ ಕೀರ್ತನೆ ಓದಿ, ಎರಡೇ ವಚನ. ಜೋರಾಗಿ ಓದಿ. ಸುಮ್ನೆ ಕಣ್ಣಾಡಿಸಿದರೆ ಎರಡನೇ ಸಾಲಿಗೇ ಮನಸ್ಸು ತರಕಾರಿ ಅಂಗಡಿಗೆ ಹೋಗಿರುತ್ತದೆ.

ಪ್ರಾರ್ಥನೆಗೆ ಮಾತೇ ಹೊರಡದಿದ್ದರೆ ಎವಾಗ್ರಿಯಸ್‌ನ ನಂತರ ಬಂದ ಜಾನ್ ಕ್ಯಾಸಿಯನ್ ಎಂಬ ಸನ್ಯಾಸಿ ಬರೆದಿಟ್ಟ ದಾರಿಯೊಂದಿದೆ. 70ನೇ ಕೀರ್ತನೆಯ ಮೊದಲ ವಚನವನ್ನೇ ದಿನವಿಡೀ ಹೇಳುತ್ತಿರುವುದು. ದೇವರೇ, ಬೇಗ ಬಂದು ನನಗೆ ಸಹಾಯ ಮಾಡು ಅನ್ನುವ ಅರ್ಥದ ಆ ಒಂದು ಮಾತು ಸಾಕು. ಬಸ್ಸಿಗೆ ಕಾಯುವಾಗ ಹೇಳಿ, ಸೊಪ್ಪು ಬಿಡಿಸುವಾಗ ಹೇಳಿ. ಕೈಗೆ ಕೆಲಸವಿದ್ದರೆ ಇನ್ನೂ ಒಳ್ಳೆಯದು. ಸಂತ ಅಂತೋನಿಯವರಿಗೂ ಮರುಭೂಮಿಯಲ್ಲಿ ಇದೇ ಬೇಸರ ಕಾಡಿತಂತೆ. ಹೊರಗೆ ಬಂದು ನೋಡಿದರೆ ತಮ್ಮ ಹಾಗೇ ಕಾಣುವ ಒಬ್ಬ ಕೂತು ಹಗ್ಗ ಹೆಣೆಯುತ್ತಿದ್ದಾನೆ, ಎದ್ದು ಪ್ರಾರ್ಥಿಸುತ್ತಾನೆ, ಮತ್ತೆ ಕೂತು ಹೆಣೆಯುತ್ತಾನೆ. ಅವನು ದೇವದೂತ. ನೀನೂ ಹೀಗೇ ಮಾಡು ಅಂದನಂತೆ. ನನಗೆ ಈ ಕಥೆ ತುಂಬಾ ಇಷ್ಟ, ಯಾಕಂದರೆ ಅದರಲ್ಲಿ ದೊಡ್ಡ ದರ್ಶನವೇನೂ ಇಲ್ಲ, ಹಗ್ಗವಿದೆ.

ಇನ್ನೊಂದು, ಒಬ್ಬರಿಗೆ ಹೇಳಿ. ಇಡೀ ವಾಟ್ಸಾಪ್ ಗ್ರೂಪಿಗೆ ಬೇಡ, ಒಬ್ಬರಿಗೆ. ನನ್ನ ಗೆಳತಿ ರಾತ್ರಿ ಫೋನ್ ಮಾಡಿ ಇವತ್ತು ಏನು ಓದಿದೆ ಅಂತ ಮಾತ್ರ ಕೇಳುತ್ತಾಳೆ. ಓದಿಲ್ಲ ಅಂದರೆ ತಾನು ಓದಿದ್ದನ್ನೇ ಫೋನಲ್ಲಿ ಓದಿ ಹೇಳುತ್ತಾಳೆ.

ತಪ್ಪಿಹೋಗುವ ದಿನಗಳು ಬಂದೇ ಬರುತ್ತವೆ. ನಾಲ್ಕು ದಿನ ತಪ್ಪಿತು ಅಂತ ಐದನೇ ದಿನ ಐದು ಅಧ್ಯಾಯ ಓದಲು ಹೋಗಬೇಡಿ, ಆರನೇ ದಿನ ಖಂಡಿತ ಬಿಟ್ಟುಬಿಡುತ್ತೀರಿ. ಚೀಟಿ ಇರುವ ಪುಟ ತೆಗೆದು ಒಂದೇ ಅಧ್ಯಾಯ ಓದಿ.